ರಾಗಿ ಗುಡಾಣದೊಳಗೆ ಇಣುಕುತ್ತಿದ್ದವರು

ನಮ್ಮ ಮಾವನವರ ಬಲಗೆನ್ನೆಯಿಂದ ಗದ್ದದವರೆಗೆ ಮಾವಿನ ಸೊನೆ ಸುಟ್ಟ ಕಲೆಯಿತ್ತು. ಚಿಕ್ಕಂದಿನಲ್ಲಿ ಕೂಲಿಗೆ ಮರ ಹತ್ತಿ ಕಾಯಿ ಕೀಳುವಾಗ ತೊಟ್ಟಿನಿಂದ ಚಿಮ್ಮಿದ ಸೊನೆಯಂತೆ. ಬೇಸಿಗೆ ಬಂದರೆ ಆ ಜಾಗದ ಚರ್ಮ ಕಪ್ಪಗಾಗಿ, ಒಣಗಿದ ಹುಣಸೆ ಸಿಪ್ಪೆಯ ಹಾಗೆ ಸಣ್ಣಗೆ ಎದ್ದು ಬರುತ್ತಿತ್ತು. ಏನಾದರೂ ಯೋಚನೆಗೆ ಬಿದ್ದರೆ ಅದನ್ನೇ ಉಗುರಿನಲ್ಲಿ ಕೆರೆಯುತ್ತಿದ್ದರು. ನನ್ನನ್ನು ನೋಡಲು ಬಂದ ದಿನ ನಾನು ಗಂಡಿನ ಮುಖ ಸರಿಯಾಗಿ ನೋಡಲೇ ಇಲ್ಲ. ಆ ಕೆರೆಯುವ ಬೆರಳನ್ನೇ ನೋಡುತ್ತ ಕುಳಿತಿದ್ದೆ.

ನಾನು ಕೋಲಾರದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಕರವಸ್ತ್ರದ ಮೂಲೆಗೆ ಹೂವಿನ ಕಸೂತಿ ಹಾಕುವುದು, ದೊಡ್ಡವರೆದುರು ದನಿ ತಗ್ಗಿಸುವುದು, ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಒಂದು ನಿಮಿಷ ಪ್ರಾರ್ಥನೆ ಮಾಡುವುದು, ಇಷ್ಟು ಕಲಿತು ಎಪ್ಪತ್ತರ ದಶಕದ ನಡುವಿನಲ್ಲಿ ಗೌನಿಪಲ್ಲಿಯ ಪಕ್ಕದ ಊರಿಗೆ ಸೊಸೆಯಾಗಿ ಬಂದೆ. ಅಲ್ಲಿ ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಗಂಡನಿಗೆ ದೂರದೂರಿನಲ್ಲಿ ಕೆಲಸ, ಮನೆಗೆ ಬರುತ್ತಿದ್ದುದು ಹಬ್ಬಕ್ಕೆ ಮಾತ್ರ. ಮೊದಲ ದಿನದ ಊಟಕ್ಕೆ ನಾನು ಕಣ್ಣು ಮುಚ್ಚಿದ್ದನ್ನು ನೋಡಿ ಮಾವ, “ನಿಮ್ಮ ಸಿಸ್ಟರಮ್ಮನ ದೇವ್ರಿಗೆ ಸ್ವಲ್ಪ ಬೇಗ ಮುಗ್ಸು ಅಂತ ಹೇಳಮ್ಮ, ಮುದ್ದೆ ಆರ್ತಾ ಐತೆ” ಎಂದರು. ಅಂದಿನಿಂದ ನಾನು ಆ ಮನೆಯಲ್ಲಿ ಕಾನ್ವೆಂಟಮ್ಮ.

ಅವರು ಮಾವಿನ ತೋಟದಲ್ಲಿ ಕಾಯಿ ಕೀಳುವವರ, ಶ್ರೀನಿವಾಸಪುರದ ಮಂಡಿಗಳಲ್ಲಿ ಪೆಟ್ಟಿಗೆಗೆ ಹುಲ್ಲು ಹಾಸಿ ಹಣ್ಣು ಜೋಡಿಸುವವರ ಕೂಲಿ ಸಂಘ ಕಟ್ಟಿದ್ದರು. ಕೆಂಪು ಬಾವುಟದ ಸಂಘ. ಹಾಗೆಂದರೆ ಗುಡುಗುವ ಮನುಷ್ಯನನ್ನು ಕಲ್ಪಿಸಿಕೊಳ್ಳಬೇಡಿ. ಭಾಷಣ ಮಾಡಲು ನಿಂತರೆ ಅವರಿಗೆ ಕೆಮ್ಮು ಬರುತ್ತಿತ್ತು. ಅವರ ಕೆಲಸವೆಲ್ಲ ಅಡುಗೆಮನೆಗಳಲ್ಲಿ. ಮುಷ್ಕರ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ಮಾವ ಒಂದೊಂದೇ ಮನೆಗೆ ಹೋಗಿ ಕುಡಿಯಲು ನೀರು ಕೇಳುವರು. ನೀರು ಬರುವಷ್ಟರಲ್ಲಿ ಮೂಲೆಯ ರಾಗಿ ಗುಡಾಣದ ಮುಚ್ಚಳ ತೆಗೆದು ಒಳಗೆ ಇಣುಕುವರು. ತಳ ಕಂಡರೆ, “ಈಗ ಬೇಡ ಕಣಮ್ಮ” ಎಂದು ಎದ್ದುಬಿಡುವರು. ಊರಿನ ಗುಡಾಣಗಳಲ್ಲಿ ಎಷ್ಟು ದಿನದ ಹಿಟ್ಟಿದೆಯೋ ಅಷ್ಟು ದಿನದ್ದೇ ಮುಷ್ಕರ, ಅದಕ್ಕಿಂತ ಒಂದು ಹೊತ್ತು ಹೆಚ್ಚಿಲ್ಲ. ಅದು ಅವರ ರಾಜಕೀಯ.

ನಮ್ಮ ಅತ್ತೆಗೆ ಇದರಲ್ಲಿ ತಮಾಷೆ ಏನೂ ಕಾಣುತ್ತಿರಲಿಲ್ಲ. “ಊರೋರ ಗುಡಾಣ ಎಲ್ಲಾ ನೋಡ್ಕೊಂಡು ಬಂದ್ರಲ್ಲ, ನಿಮ್ಮನೇದು ಒಂದು ಸಲ ನೋಡಿದ್ರಾ?” ಎನ್ನುವರು.

“ನಮ್ಮನೇದು ನೋಡೋಕೆ ನೀನಿದ್ದೀಯಲ್ಲ.”

“ನೋಡಿದ್ದೀನಿ ಬಿಡಿ. ಇಲಿ ಬಂದು ಮೂಸಿ ವಾಪಸ್ ಹೋಯ್ತು.”

ಮಾವನದು ಇನ್ನೊಂದು ಪಟ್ಟು. ಸಭೆಯಲ್ಲಿ ಪ್ರತಿ ಮನೆಯಿಂದ ಒಬ್ಬ ಹೆಂಗಸಾದರೂ ಮಾತಾಡದೆ ಯಾವ ತೀರ್ಮಾನವೂ ಆಗಕೂಡದು. ಗಂಡಸರು ಕೈ ಎತ್ತಿ, ಜೈಕಾರ ಹಾಕಿ, ಬೀಡಿ ಹಚ್ಚಿ ಎದ್ದರೂ ಇವರು ಮಾತ್ರ ನೆಲದ ಮೇಲೆ ಕುಳಿತೇ ಇರುತ್ತಿದ್ದರು. “ಆಯಮ್ಮ ಇನ್ನೂ ಏನೂ ಹೇಳ್ಲಿಲ್ಲ.” ಆಯಮ್ಮ ಸೆರಗು ಕಚ್ಚಿಕೊಂಡು ಕುಳಿತಿರುತ್ತಾಳೆ. ಎಲ್ಲರೂ ಕಾಯಬೇಕು. ನೋಡುವವರಿಗೇ ಸುಸ್ತಾಗುತ್ತಿತ್ತು.

ಈ ಸುಸ್ತು ಎಲ್ಲರಿಗಿಂತ ಹೆಚ್ಚಾಗಿ ತಟ್ಟಿದ್ದು ನನ್ನ ಮೈದುನನಿಗೆ, ಮಾವನ ಕಿರಿಮಗನಿಗೆ. ಚುರುಕು ಹುಡುಗ. ಸಂಘದ ಗೋಡೆಬರಹಗಳನ್ನೆಲ್ಲ ಅವನೇ ಬರೆಯುತ್ತಿದ್ದ; ದುಂಡಗಿನ ಅಕ್ಷರ, ಬಾಲ ಎಳೆದು ಬರೆಯುವ ಚಂದ. ಕೋಲಾರದಲ್ಲಿ ಕಾಲೇಜಿಗೆ ಹೋದವನು ಓದು ಬಿಟ್ಟು ಬಂದ. ಆಮೇಲೆ ಗಡಿಯಾಚೆ ಬೆಟ್ಟಗಳಲ್ಲಿ ಬಂದೂಕು ಹಿಡಿದ ಗುಂಪೊಂದರ ಜೊತೆ ಓಡಾಡುತ್ತಾನೆ ಎಂಬ ಮಾತು ಬಂತು. ಹೋಗುವ ಮುಂಚೆ ಅಪ್ಪನ ಹತ್ತಿರ ಅವನು ಜಗಳವಾಡಿದ್ದು ನನಗೆ ಚೆನ್ನಾಗಿ ನೆನಪಿದೆ. “ಗುಡಾಣ ನೋಡ್ಕೊಂಡು ಕೂತಿರಿ ನೀವು. ಗುಡಾಣ ತುಂಬೋ ಕಾಲಕ್ಕೆ ನೀವಿರಲ್ಲ, ಅವರೂ ಇರಲ್ಲ” ಎಂದಿದ್ದ. ಅವನ ಮಾತಿನಲ್ಲಿ ಸುಳ್ಳೇನಿತ್ತು ಎಂದು ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಮಾವ ಕೆನ್ನೆ ಕೆರೆದುಕೊಂಡರು, ಅಷ್ಟೆ.

ನಮ್ಮ ಕಡೆ ಮಾವಿನ ವ್ಯವಹಾರ ಹೇಗೆಂದರೆ, ಮರ ಹೂ ಬಿಟ್ಟಾಗಲೇ ತೋಟದ ಒಡೆಯ ಆ ವರ್ಷದ ಫಸಲನ್ನು ಗುತ್ತಿಗೆಗೆ ಮಾರಿಬಿಡುತ್ತಾನೆ. ಆಮೇಲೆ ಕಾಯಿ ನಿಂತರೂ, ಗಾಳಿಗೆ ಉದುರಿದರೂ ಗುತ್ತಿಗೆ ಹಿಡಿದವನ ಹಣೆಬರಹ. ಒಡೆಯನ ದುಡ್ಡು ಆಗಲೇ ಪೆಟ್ಟಿಗೆ ಸೇರಿರುತ್ತದೆ. ಊರಿನ ಸಾಹುಕಾರರ ದೊಡ್ಡ ತೋಟವನ್ನು ಪ್ರತಿ ವರ್ಷ ಗಡಿಯಾಚೆಯ ಒಬ್ಬ ಭಾರಿ ಗುತ್ತಿಗೆದಾರ ಹಿಡಿಯುತ್ತಿದ್ದ. ತುರ್ತು ಪರಿಸ್ಥಿತಿ ಮುಗಿದ ಮೇಲೆ ಬಂದ ಒಂದು ವರ್ಷ ಮಾವ ಕೂಲಿ ಮನೆಗಳನ್ನೆಲ್ಲ ಸೇರಿಸಿ ಅವರೇ ಆ ಫಸಲು ಹಿಡಿಯುವ ಹಾಗೆ ಮಾಡಿದರು. ಒಂದು ಸುಗ್ಗಿಯಾದರೂ ಹಣ್ಣು ನಮ್ಮವರ ಕೈಯಲ್ಲಿದ್ದರೆ ಮಂಡಿಯವರ ಮುಂದೆ ಕೂಲಿಯ ಮಾತನ್ನು ನೆಟ್ಟಗೆ ನಿಂತು ಆಡಬಹುದು ಎಂಬುದು ಅವರ ಲೆಕ್ಕ. ಹೆಂಗಸರು ಓಲೆ, ಕಡಗ ಬಿಚ್ಚಿಕೊಟ್ಟರು. ಗಂಡ ಮಕ್ಕಳಿಲ್ಲದೆ ಮೇಕೆ ಮೇಯಿಸಿಕೊಂಡು ಬದುಕಿದ್ದ ಒಬ್ಬ ಮುದುಕಿ ಇದ್ದರು, ಎಲ್ಲರ ಬಾಯಲ್ಲೂ ಮೇಕೆ ಅವ್ವ. ಆಕೆ ಇದ್ದ ಮೇಕೆಗಳನ್ನೆಲ್ಲ ಮಾರಿ ತಂದುಕೊಟ್ಟರು. “ಮೇಕೆ ಹೋದ್ಮೇಲೆ ನನ್ನ ಯಾರ್ ಮಾತಾಡಿಸ್ತಾರೋ?” ಎಂದು ನಕ್ಕರು. ಬಾಯಲ್ಲಿ ಹಲ್ಲಿರಲಿಲ್ಲ.

ಕಾಯಿ ಬಲಿಯುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಊರೆಲ್ಲ ತೋಟದ ಕಡೆ ಓಡಿತು. ನಾನೂ ಹೋದೆ. ನೆಲ ಕಾಣದ ಹಾಗೆ ಹಸಿರು ಕಾಯಿ ಬಿದ್ದಿತ್ತು. ಕೈಗೆಟುಕಿದ ಕೊಂಬೆಗಳನ್ನೆಲ್ಲ ಮಚ್ಚಿನಿಂದ ಕೊಚ್ಚಿದ್ದರು. ಮೇಲಿನ ಕಾಯಿಗಳನ್ನು ದೋಟಿಯಿಂದ ಬಡಿದು ಉದುರಿಸಿದ್ದರು. ಹಣ್ಣು ತುಂಬಲು ತಂದಿಟ್ಟಿದ್ದ ಹುಲ್ಲಿನ ಮೆದೆ ಇನ್ನೂ ಹೊಗೆಯಾಡುತ್ತಿತ್ತು. ಗಾಳಿಯಲ್ಲೆಲ್ಲ ಸೊನೆಯ ಘಾಟು. ತೋಟದ ಗೋಡೆಯ ಮೇಲೆ ಭೂಮಾಲೀಕರಿಗೆ ಎಚ್ಚರಿಕೆ ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ದುಂಡಗಿನ ಅಕ್ಷರ, ಬಾಲ ಎಳೆದದ್ದು. ಓದು ಬಾರದವರೂ ಆ ಅಕ್ಷರದ ಗುರುತು ಹಿಡಿದರು.

ಯಾರಾದರೂ ಒಬ್ಬರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಕದ್ದು ಬಂದವರು ಯಾರನ್ನು ಕೇಳುತ್ತಾರೆ? ಆ ಹುಡುಗರಿಗೆ ಗೊತ್ತಿದ್ದುದು ಹಳೆಯ ಗುತ್ತಿಗೆದಾರನೊಬ್ಬನೇ; ಈ ಸಲದ ಫಸಲೂ ಅವನದೇ ಎಂದುಕೊಂಡಿದ್ದರು.

ಸಾಹುಕಾರರು ಜೀಪಿನಲ್ಲಿ ಬಂದು ಇಳಿದರು. ಮರಗಳನ್ನೊಮ್ಮೆ ಕತ್ತೆತ್ತಿ ನೋಡಿ ಮಾವನ ಕಡೆ ತಿರುಗಿದರು. “ಏನ್ ಲೀಡರ್ರೇ, ನಿಮ್ಮ ಮಗ ನನಗೊಂದು ಉಪಕಾರ ಮಾಡಿದ್ದಾನೆ. ಹಳೇ ಮರ, ಈ ಸಲ ಕೊಂಬೆ ಸವರಿಸ್ಬೇಕು ಅಂತಿದ್ದೆ. ಕೂಲಿ ಉಳೀತು ನೋಡಿ.”

ಮೇಕೆ ಅವ್ವ ಸೆರಗು ಹಾಸಿ, ಉಪ್ಪಿನಕಾಯಿಗಾದರೂ ಆಗುವಂಥ ಕಾಯಿ ಆರಿಸಲು ಕುಳಿತರು. ನೋಡುತ್ತ ನೋಡುತ್ತ ಹೆಂಗಸರೆಲ್ಲ ಕುಳಿತರು. ಕಾಯಿಗೆ ಕಾಯಿ ತಾಗುವ ಸದ್ದು ಮಾತ್ರ.

ಆಮೇಲೆ ಊರಿನ ಸ್ಕೂಲಿನಲ್ಲಿ ಪೊಲೀಸರು ಬೀಡು ಬಿಟ್ಟರು. ಸಂಘದ ಗಂಡಸರನ್ನು ಒಬ್ಬೊಬ್ಬರಾಗಿ ಕರೆದೊಯ್ದರು. ಹೋದವರು ಕುಂಟುತ್ತ ವಾಪಸಾದರು. ಮಾವನನ್ನೂ ಕರೆದೊಯ್ದು ಒಂದು ಹಗಲು ಕೂರಿಸಿಕೊಂಡು ಆಮೇಲೆ ಬಿಟ್ಟರು. ಮಂಡಿಯವರೊಡನೆ ಆಡಬೇಕಿದ್ದ ಕೂಲಿಯ ಮಾತು ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಗಡಿಯಾಚೆ ಬೆಟ್ಟದಲ್ಲಿ ಆ ಗುಂಪಿನ ಇಬ್ಬರು ಹುಡುಗರನ್ನು ಗುಂಡಿಟ್ಟು ಕೊಂದರು ಎಂಬ ಸುದ್ದಿ ಬಂತು. ಪೇಪರಿನಲ್ಲಿ ಎನ್‌ಕೌಂಟರ್ ಎಂದು ಬಂದಿತ್ತು. ಅತ್ತೆ ಆ ಪೇಪರನ್ನು ಮಡಚಿ ಒಲೆಗೆ ಹಾಕಿದರು. ಓದಿ ಹೇಳಿದ್ದು ನಾನೇ.

ಮೈದುನ ಮನೆಗೆ ಬಂದದ್ದು ಒಂದು ಮುಸ್ಸಂಜೆ, ಹಿತ್ತಿಲ ಹಿಪ್ಪುನೇರಳೆ ಹೊಲದೊಳಗಿಂದ. ಮೈ ಕಾದ ಹಂಚಿನ ಹಾಗಿತ್ತು, ತುಟಿ ಒಡೆದಿತ್ತು. ನಮ್ಮದು ರೇಷ್ಮೆ ಸಾಕುವ ಮನೆ. ಹುಳುಗಳು ಗೂಡು ಕಟ್ಟಿ ಮುಗಿಸಿದ್ದವು. ಗೂಡು ಕಟ್ಟಿಸುವ ಬಿದಿರಿನ ಚಂದ್ರಂಕಿಗಳನ್ನು ಹುಳುಮನೆಯ ಗೋಡೆಗೆ ಒರಗಿಸಿದ್ದೆವು. ಅವುಗಳ ಹಿಂದೆ ಚಾಪೆ ಹಾಸಿ ಮಲಗಿಸಿದೆವು. ನಾನು ಗಂಜಿ ಕುಡಿಸುತ್ತಿದ್ದಾಗ ಮಾವ ಬಂದು ಬಾಗಿಲಲ್ಲೇ ನಿಂತರು.

“ಏಮಿರಾ, ಯಾರನ್ನ ಕೇಳಿ ಮಾಡ್ದೆ?”

“ಕೇಳ್ಕೊಂಡು ಮಾಡೋಕೆ ಅದೇನು ಮದುವೇನಾ?”

“ಮದುವೆಗಾದ್ರೂ ನಾಲ್ಕು ಜನ ಬರ್ತಾರೆ ಕಣೋ. ನಿನ್ನ ಕ್ರಾಂತಿಗೆ ಯಾರ್ ಬಂದ್ರು?”

ಮೈದುನ ಲೋಟ ತಳ್ಳಿ ಏಳಲು ನೋಡಿದ. ಆಗಲಿಲ್ಲ. “ನಿಮ್ಮ ಹಾಗೆ ಅರ್ಜಿ ಹಿಡ್ಕೊಂಡು ತಾಲ್ಲೂಕಾಫೀಸಿನ ಮೆಟ್ಲು ಸವೆಸೋಕೆ ನನ್ನ ಕೈಲಾಗಲ್ಲ.”

“ಮೆಟ್ಲು ಸವೆದಿಲ್ಲ ಬಿಡು, ನನ್ನ ಚಪ್ಪಲಿ ಸವೆದಿರೋದು.” ಮಾವ ಹತ್ತಿರ ಬಂದು ಕುಳಿತರು. “ಆ ಫಸಲು ಯಾರ್ದು ಗೊತ್ತೇನೋ? ಮೇಕೆ ಅವ್ವಂದು. ನಿಂಗೆ ಹಾಲು ಕರೆದು ಕೊಡ್ತಿದ್ದೋಳದು.”

ಅವನು ಮೊದಲು ನಂಬಲಿಲ್ಲ. ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಗೋಡೆಯ ಕಡೆ ಹೊರಳಿ ಮಲಗಿದ. ಅಲ್ಲಿಂದಲೇ, “ನನ್ನ ಬಿಟ್ಬಿಡಿ, ಬೆಳಗಾಗೋಷ್ಟರಲ್ಲಿ ಬೆಟ್ಟಕ್ಕೆ ಹೋಗ್ತೀನಿ” ಎಂದ.

“ಬೆಟ್ಟದಿಂದ ನಿನ್ನ ಹೊತ್ಕೊಂಡು ಬರ್ತಾರೆ. ಅದಕ್ಕೆ ಬಿಡಲ್ಲ.”

ಮರುದಿನ ಗೂಡು ಬಿಡಿಸಲು ಬನ್ನಿ ಎಂದು ಮಾವ ಊರಿನ ಹೆಂಗಸರಿಗೆ ಹೇಳಿಕಳಿಸಿದರು. ಫಸಲು ಕಳೆದುಕೊಂಡ ಮನೆಗಳಿಗೆ ಮೊದಲು. ಅಂಗಳದಲ್ಲಿ ಚಂದ್ರಂಕಿಗಳನ್ನು ಹರಡಿಕೊಂಡು ಎಲ್ಲರೂ ಗೂಡು ಕೀಳುತ್ತ ಕುಳಿತರು. ದಾರಿಯಲ್ಲಿ ಹೋದ ಪೇದೆಯೊಬ್ಬ ಬೇಲಿಯಾಚೆಯಿಂದ ನೋಡಿ, “ಏನಮ್ಮಾ, ಗೂಡು ಚೆನ್ನಾಗಿ ಬಂದೈತಾ?” ಎಂದು ಕೇಳಿ ಮುಂದೆ ಹೋದ. ಅವನು ಮರೆಯಾದ ಮೇಲೆ ಮಾವ ಇದ್ದದ್ದು ಇದ್ದ ಹಾಗೆ ಹೇಳಿದರು. ಮಗ ಒಳಗಿದ್ದಾನೆ. ಪೊಲೀಸರ ಕೈಗೆ ಒಂಟಿಯಾಗಿ ಸಿಕ್ಕರೆ ಉಳಿಯುವುದಿಲ್ಲ. ನೀವೆಲ್ಲ ಸುತ್ತ ನಿಂತು ಹಾಡಹಗಲು ಕೋರ್ಟಿಗೆ ಕರೆದೊಯ್ದರೆ ಉಳಿಯುತ್ತಾನೆ.

ಗೂಡು ಕೀಳುವ ಕೈಗಳೆಲ್ಲ ನಿಂತವು. ಮೊದಲು ಮಾತಾಡಿದ್ದು ಮೇಕೆ ಅವ್ವ. “ನಮ್ಮ ಹೊಟ್ಟೆ ಮೇಲೆ ಹೊಡ್ದೋನಿಗೆ ನಾವೇ ಕಾವಲಾ? ನ್ಯಾಯವೇನಯ್ಯಾ ಇದು?”

“ಅಲ್ಲ ಅವ್ವ. ನ್ಯಾಯ ಅಲ್ಲ. ಮಾಡಿದ್ದಕ್ಕೆ ಅವನು ಜೈಲಿಗೆ ಹೋಗ್ಲಿ. ಗುಂಡು ಬೇಡ ಅಂತೀನಿ, ಅಷ್ಟೆ.”

“ನಿನ್ನ ಮಗ ಅಂತ ತಾನೇ ಅನ್ನೋದು?” ಇನ್ನೊಬ್ಬಳು ಕೇಳಿದಳು. ಅವಳ ಗಂಡ ಠಾಣೆಯಿಂದ ಬಂದು ಇನ್ನೂ ಎದ್ದಿರಲಿಲ್ಲ.

“ಹೂಂ. ನನ್ನ ಮಗ ಅಂತಾನೂ ಹೌದು.” ಮಾವನ ಬೆರಳು ಕೆನ್ನೆಗೆ ಹೋಯಿತು. “ನೀವು ಬೇಡ ಅಂದ್ರೆ ಬೇಡ. ಇಷ್ಟು ದಿನ ನೀವು ಹೇಳ್ದಂಗೆ ಕೇಳಿದ್ದೀನಿ. ಇವತ್ತು ನನ್ನ ಮಗ ಅಂತ ಬೇರೆ ಮಾಡಲ್ಲ.”

ಒಬ್ಬೊಬ್ಬರೇ ಮಾತಾಡಿದರು. ಬರುತ್ತೇನೆ ಎಂದವರು ಕಡಿಮೆ. ಅವನು ಸಾಯಲಿ ಎಂದು ಯಾರೂ ಹೇಳಲಿಲ್ಲ, ಆದರೆ ನಮಗ್ಯಾಕೆ ಎಂದವರೇ ಹೆಚ್ಚು. ಅತ್ತೆ ಒಳಬಾಗಿಲಿನಲ್ಲಿ ಬಾಯಿಗೆ ಸೆರಗು ಒತ್ತಿ ನಿಂತಿದ್ದರು, ತಾನು ಮಾತಾಡುವವಳಲ್ಲ ಎಂದು ಕೈಯಾಡಿಸಿಬಿಟ್ಟರು. ಎಲ್ಲ ಮುಗಿಯಿತು ಎನ್ನುವಾಗ ಮಾವ ನನ್ನ ಕಡೆ ತಿರುಗಿದರು. “ನಮ್ಮನೆ ಹೆಣ್ಣುಮಗಳು ಇನ್ನೂ ಏನೂ ಹೇಳ್ಲಿಲ್ಲ.”

ನಾನು ಅಷ್ಟು ಜನರೆದುರು ಹಿಂದೆಂದೂ ಬಾಯಿ ತೆರೆದವಳಲ್ಲ. ಸರಿ ತಪ್ಪುಗಳ ಮಾತು ಒಂದೂ ತೋಚಲಿಲ್ಲ. “ಅವನಿಗೆ ಜ್ವರ ಬಿಟ್ಟಿಲ್ಲ. ಗಂಜಿನೂ ನಿಲ್ತಾ ಇಲ್ಲ” ಎಂದೆ. ದನಿ ನನಗೇ ಕೇಳಿಸಲಿಲ್ಲ.

“ಏನಂತೆ?” ಮೇಕೆ ಅವ್ವ ಕಿವಿಗೆ ಕೈ ಇಟ್ಟುಕೊಂಡರು.

“ಜ್ವರ ಅಂತೆ ಅವ್ವ, ಗಂಜಿ ಕಕ್ತಾನಂತೆ” ಎಂದು ಪಕ್ಕದವಳು ಕೂಗಿ ಹೇಳಿದಳು.

ಮುದುಕಿ ಮಡಿಲಲ್ಲಿದ್ದ ಗೂಡುಗಳನ್ನು ಬುಟ್ಟಿಗೆ ಸುರಿದು ಎದ್ದರು. ಹುಳುಮನೆಗೆ ಹೋದರು, ಒಳಗೆ ಏನು ನೋಡಿದರೋ, ಹೊರಗೆ ಬಂದು ಸೆರಗು ಕೊಡವಿದರು. “ಬೆಳಗಿನ ಬಸ್ಸಿಗೆ ಹೋಗಾಣ. ಜ್ವರದೋನ್ನ ಮಧ್ಯಾಹ್ನದ ಬಿಸ್ಲಲ್ಲಿ ಕರ್ಕೊಂಡು ಹೋಗ್ತೀರಾ? ಬರೋರು ಬರ್ರಿ. ಅವನಿಗೆ ಬೈಯೋದು ನಂದು ಬೇಕಾದಷ್ಟೈತೆ, ಸತ್ರೆ ಯಾರಿಗೆ ಬೈಲಿ?”

ಬಂದರು. ಅರ್ಧಕ್ಕರ್ಧ ಬಂದರು. ಬೆಳಗಿನ ಶ್ರೀನಿವಾಸಪುರದ ಬಸ್ಸು ಹೆಂಗಸರಿಂದಲೇ ತುಂಬಿತು. ನಡುವಿನ ಸೀಟಿನಲ್ಲಿ ಮೈದುನ, ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಮೇಕೆ ಅವ್ವ, ತೊಡೆಯ ಮೇಲೆ ಯಾರದೋ ಸೊಪ್ಪಿನ ಮಂಕರಿ. ದಾರಿಯಲ್ಲಿ ಜೀಪೊಂದು ಬಸ್ಸನ್ನು ಹಾದು ಅಡ್ಡ ನಿಂತಿತು. ಇನ್ಸ್‌ಪೆಕ್ಟರ್ ಮೆಟ್ಟಿಲು ಹತ್ತಿ, “ಅವನನ್ನ ಇಳಿಸಿ” ಎಂದರು.

ಮಾವ ಮುಂದಿನ ಸೀಟಿನಿಂದ ಎದ್ದು ಕೈಮುಗಿದರು. “ಕೋರ್ಟಿಗೇ ಹೋಗ್ತಾ ಇದ್ದೀವಿ ಸಾರ್. ನೀವೂ ಹಿಂದೆ ಬನ್ನಿ.”

“ಎಲ್ಲರೂ ಇಳೀರಿ!”

“ಟಿಕೆಟ್ ತಗೊಂಡಿದ್ದೀವಿ, ಯಾಕೆ ಇಳೀಬೇಕು?” ಎಂದು ಹಿಂದಿನಿಂದ ಒಂದು ದನಿ. ಯಾರೂ ಅಲುಗಲಿಲ್ಲ. ಮೇಕೆ ಅವ್ವ ಮೈದುನನ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಇವನು ನನಗೆ ಮೇಕೆ ಕೊಡ್ಬೇಕು ಸಾಮೀ, ಜಡ್ಜಪ್ಪನ ಹತ್ರ ಹೇಳೋ ತನಕ ಬಿಡಲ್ಲ” ಎಂದರು. ಕಂಡಕ್ಟರು ಗಡಿಯಾರ ನೋಡಿಕೊಂಡು, “ಸಾರ್, ಕೋಲಾರದ ಕನೆಕ್ಷನ್ ತಪ್ಪಿಹೋಗುತ್ತೆ” ಎಂದು ಗೋಗರೆದ. ಇನ್ಸ್‌ಪೆಕ್ಟರ್ ಬಸ್ಸಿನ ತುಂಬ ಒಮ್ಮೆ ಕಣ್ಣಾಡಿಸಿದರು. ಸಾಕ್ಷಿಗಳು ತುಂಬ ಜನ ಇದ್ದರು. ಇನ್ಸ್‌ಪೆಕ್ಟರ್ ಒಬ್ಬರೇ ಇಳಿದರು. ಜೀಪು ಕೋರ್ಟಿನವರೆಗೂ ನಮ್ಮ ಹಿಂದೆಯೇ ಬಂತು.

ನ್ಯಾಯಾಧೀಶರೆದುರು ಒಪ್ಪಿಸುವ ಮುಂಚೆ ಮೈದುನ ಅಪ್ಪನನ್ನು ನೋಡಿ ಹೇಳಿದ ಮಾತು ಇಷ್ಟು: “ಹೆಂಗಸರ ಸೆರಗಲ್ಲಿ ಸುತ್ತಿ ತಂದು ಹಿಡ್ಕೊಟ್ರಿ. ಇವತ್ತಿಂದ ನನಗೆ ಅಪ್ಪ ಇಲ್ಲ.” ಮಾವ ತಲೆಯಾಡಿಸಿದರು.

ಅವನು ಕೆಲವು ವರ್ಷ ಜೈಲಿನಲ್ಲಿದ್ದ. ಮಾವ ತಿಂಗಳಿಗೊಮ್ಮೆ ನೋಡಲು ಹೋಗುವರು. ಅವನು ಭೇಟಿಗೆ ಹೊರಗೆ ಬರುತ್ತಿರಲಿಲ್ಲ. ನಾನು ಕಟ್ಟಿಕೊಟ್ಟ ಚಕ್ಕುಲಿ, ಹುರಿಗಾಳನ್ನು ಕಾವಲಿನವರ ಕೈಗೆ ಕೊಟ್ಟು ವಾಪಸು ಬಂದು, “ಊಟ ಮಾಡ್ತಾನಂತೆ, ಮೈ ಕೈ ತುಂಬ್ಕೊಂಡವನಂತೆ” ಎಂದು ಅತ್ತೆಗೆ ಹೇಳುವರು. ಉಳಿದ ದಿನಗಳಲ್ಲಿ ಮತ್ತೆ ಅದೇ ತಿರುಗಾಟ. ಕೆಲವು ಮನೆಗಳು ಅವರಿಗೆ ಬಾಗಿಲು ತೆರೆಯುವುದನ್ನೇ ನಿಲ್ಲಿಸಿದ್ದವು. ಅಲ್ಲಿ ಹೊರಗಿನ ಜಗಲಿಯಲ್ಲಿ ಕುಳಿತು, ಯಾರೂ ನೀರು ಕೊಡದಿದ್ದರೆ ಸುಮ್ಮನೆ ಎದ್ದು ಬರುವರು. ಮುಂದಿನ ವಾರ ಮತ್ತೆ ಹೋಗುವರು. ಮೇಕೆ ಅವ್ವನಿಗೆ ಎರಡು ಮರಿ ತಂದುಕೊಟ್ಟರು. ಆಕೆ ತೆಗೆದುಕೊಂಡರು. ಬೈಯುವುದನ್ನು ಮಾತ್ರ ಬಿಡಲಿಲ್ಲ.

ಎಂಬತ್ತರ ದಶಕದಲ್ಲಿ ಒಂದು ಸುಗ್ಗಿಗೆ ಮಂಡಿಯವರು ಕೂಲಿ ಸ್ವಲ್ಪ ಏರಿಸಲು ಒಪ್ಪಿದರು. ಹೆಂಗಸರಿಗೆ ನೆರಳಿಗೊಂದು ತಗಡಿನ ಸೂರು, ಕುಡಿಯಲು ನೀರಿನ ತೊಟ್ಟಿ. ಆ ಸಂಜೆ ಮಾವ ಬಂದು ಕಂಬಕ್ಕೊರಗಿ ಕುಳಿತರು. ಕಾಫಿ ಕೊಡುತ್ತ, “ಇಷ್ಟೇನಾ ಮಾವ?” ಎಂದೆ. ಕುಹಕದಿಂದ ಅಲ್ಲ, ನಿಜವಾಗಿಯೂ ಕೇಳಬೇಕೆನಿಸಿತ್ತು.

“ಇಷ್ಟೇ ಕಣಮ್ಮ” ಎಂದರು. “ಇಷ್ಟಕ್ಕೇ ಇಷ್ಟು ದಿನ.” ಕಾಫಿ ಆರುವವರೆಗೂ ಲೋಟ ಕೈಯಲ್ಲೇ ಇತ್ತು. ಅಂದು ಅವರು ಬಹಳ ಮುದುಕರಾದ ಹಾಗೆ ಕಂಡರು.

ನಾಲ್ಕು ಜನರನ್ನು ಕೇಳದೆ ಒಂದು ಹೆಜ್ಜೆ ಇಡದ ಆ ಮನುಷ್ಯನ ಜೊತೆ ಬಾಳುವುದು ಸುಲಭವಿರಲಿಲ್ಲ. ಅತ್ತೆ ಬಾಳಿ ಬಸವಳಿದರು. ಆದರೂ ನನ್ನ ದನಿಗೂ ಒಂದು ಜಾಗವಿದೆ ಎಂದು ಕಾದು ಕುಳಿತವರು ನನ್ನ ಜೀವನದಲ್ಲಿ ಅವರೊಬ್ಬರೇ. ಕಾನ್ವೆಂಟಿನಲ್ಲಿ ನನಗೆ ಚೆನ್ನಾಗಿ ಓದಲು ಕಲಿಸಿದರು. ಮಾತಾಡಲು ಕಲಿಸಿದ್ದು ಮಾವ.

ಬಿಡುಗಡೆಯಾದ ಮೇಲೆ ಮೈದುನ ಮಾಲೂರಿನ ಕಡೆ ಲಕ್ಕೂರಿನ ಹತ್ತಿರ ಒಂದು ಕಾರ್ಖಾನೆಗೆ ಸೇರಿದ. ಮದುವೆಯಾಯಿತು, ಮಗಳು ಹುಟ್ಟಿದಳು. ವರ್ಷಕ್ಕೊಮ್ಮೆ ತಾಯಿಯನ್ನು ನೋಡಲು ಬರುತ್ತಿದ್ದ, ತಂದೆಯೊಡನೆ ಮಾತಿಲ್ಲ. ಮಾವ ಉಬ್ಬಸದಿಂದ ಹಾಸಿಗೆ ಹಿಡಿದ ಕೊನೆಯ ಬೇಸಿಗೆಯಲ್ಲೂ ಬಂದ. ಒಳಗೆ ಹೋಗಲಿಲ್ಲ. ಜಗಲಿಯ ಮೇಲೆ ಕುಳಿತು, ಯಾರೋ ಹಳೆಯ ಗೆಳೆಯ ಏನೋ ಕೇಳಿದನೆಂದು ಶುರುಮಾಡಿದ. ಅಪ್ಪ ಹೇಡಿ, ಅಪ್ಪ ಅರ್ಜಿ ಬರೆಯುವ ಗುಮಾಸ್ತ, ಬಸ್ ಟಿಕೆಟ್ ಕೊಂಡು ಮಗನನ್ನು ಮಾರಿದವನು. ಎಲ್ಲ ಒಳಗೆ ಕೇಳಲಿ ಎಂದೇ ಜೋರಾಗಿ.

ನಾನು ಮಾವನ ಎದೆಗೆ ಎಣ್ಣೆ ತಿಕ್ಕುತ್ತಿದ್ದೆ. ತಡೆಯಲಾರದೆ ಎದ್ದು ಬಾಗಿಲು ಮುಂದೆ ಮಾಡಲು ಹೋದೆ. ಮಾವ ಕೈಯೆತ್ತಿದರು.

“ತೆಗೆದಿರ್ಲಿ ಬಿಡಮ್ಮ.” ಒಂದೊಂದೇ ಮಾತಿಗೆ ಉಸಿರು ಎಳೆದುಕೊಳ್ಳಬೇಕಿತ್ತು. “ಗಂಟ್ಲು ಚೆನ್ನಾಗೈತೆ ಅವನ್ದು. ಕೇಳಿಸ್ಲಿ.”

ಕಣ್ಣು ಮುಚ್ಚಿ ಮಲಗಿ ಕೇಳಿಸಿಕೊಂಡರು. ಮುಂದಿನ ಮಳೆಗಾಲ ಅವರು ನೋಡಲಿಲ್ಲ. ಆದರೆ ಆ ಮಧ್ಯಾಹ್ನ ಬಿಸಿಗಾಳಿ ಎದ್ದಿತ್ತು, ಬಾಗಿಲು ಮತ್ತೆ ಮತ್ತೆ ಮುಚ್ಚಿಕೊಳ್ಳಲು ಬರುತ್ತಿತ್ತು. ಮೈದುನನ ಬೈಗುಳ ಮುಗಿಯುವವರೆಗೂ ನಾನು ಅದನ್ನು ಹಿಡಿದುಕೊಂಡು ನಿಂತಿದ್ದೆ.